ಗದಿಗೆಪ್ಪನ ಕಂದು ಚೌಕಳಿ ಸೂಟಿನ ದಿಗ್ವಿಜಯ

ಕೃತ ಕಳೆದು, ತ್ರೇತೆ ಕಳೆದು, ದ್ವಾಪರವೂ ಕಳೆದು, ಶಾಲೆಯ ವಾಟ್ಸಾಪ್ ಗುಂಪೆಂಬ ಮಹಾಶಕ್ತಿಯು ಭೂಲೋಕದ ಸಕಲ ತಂದೆತಾಯಂದಿರ ಅಂಗೈಯೊಳಗೆ ಅವತರಿಸಿ, ಹೊತ್ತಲ್ಲದ ಹೊತ್ತಿನಲ್ಲಿ ‘ನಾಳೆ ಪ್ರತಿ ಮಗುವೂ ಹಳದಿ ಬಣ್ಣದ ಏಳು ವಸ್ತುಗಳನ್ನು ತರತಕ್ಕದ್ದು’ ಎಂಬಂಥ ರಾಜಶಾಸನಗಳನ್ನು ಹೊರಡಿಸುತ್ತಿದ್ದ ಈ ಪುಣ್ಯಯುಗದಲ್ಲಿ, ಗದಗ ಪಟ್ಟಣದ ಬಸ್ ಡಿಪೋದಲ್ಲಿ ಗದಿಗೆಪ್ಪ ಹೊಸಮನಿಯೆಂಬ ಕಂಡಕ್ಟರನಿದ್ದನು. ತಾಯಿ ಸರಸ್ವತಿ, ಅವನ ಕಥೆಯನ್ನು ಹೇಳುವ ಶಕ್ತಿ ಕೊಡು. ಹೇಗೂ ನಿನ್ನ ಹೆಸರಿನಲ್ಲೇ ಫೀಸು ಕಟ್ಟುತ್ತಿದ್ದೇವೆ.

ಆರಡಿ ಐದಂಗುಲದ, ನೂರಾ ಇಪ್ಪತ್ತೆಂಟು ಕಿಲೋ ತೂಕದ, ಟಿಕೆಟ್‌ಯಂತ್ರಧಾರಿಯೂ ಚಿಲ್ಲರೆಕಲಹಕೋವಿದನೂ ಆದ ಆ ಮಹಾಕಾಯನು ಬಸ್ಸಿನ ನಡುಹಾದಿಯಲ್ಲಿ ನಿಂತನೆಂದರೆ, ಮುಂದಿನವರಿಗೆ ಹಿಂದಿನವರು ಕಾಣುತ್ತಿರಲಿಲ್ಲ, ಹಿಂದಿನವರಿಗೆ ಊರು ಬಂದದ್ದು ತಿಳಿಯುತ್ತಿರಲಿಲ್ಲ. ಇಂಥವನಿಗೆ ಒಬ್ಬಳೇ ಮಗಳು, ನಾಲ್ಕನೆಯ ಇಯತ್ತೆಯ ದಾನೇಶ್ವರಿ. ಪೆನ್ಸಿಲ್‌ನಷ್ಟು ತೆಳ್ಳಗಿನವಳು. ಲೋಕವನ್ನೆಲ್ಲ ಹಿಡಿದು ನಿಲ್ಲಿಸುವ ಗದಿಗೆಪ್ಪನನ್ನು ಹಿಡಿದು ನಿಲ್ಲಿಸಬಲ್ಲವಳು ಇವಳೊಬ್ಬಳೇ.

ಹಿಂದಿನ ವರ್ಷದ ಗ್ಯಾದರಿಂಗಿನಲ್ಲಿ, ಎಂದರೆ ಶಾಲೆಯ ವಾರ್ಷಿಕೋತ್ಸವದಲ್ಲಿ, ಒಂದು ಅನರ್ಥವಾಗಿತ್ತು. ಪೋಷಕರ ನಾಟಕದಲ್ಲಿ ಕಾಡು, ನದಿ, ಜಿಂಕೆಗಳಿದ್ದವು. ಹೆಡ್ ಮೇಡಮ್ಮನವರು ಗದಿಗೆಪ್ಪನನ್ನು ಒಮ್ಮೆ ನೋಡಿದ್ದೇ ತಡ, ಗುಡ್ಡ ಯಾರಾಗಬೇಕೆಂಬ ಚರ್ಚೆ ಮುಗಿದುಹೋಯಿತು. ಹಸಿರು ಬಣ್ಣ ಬಳಿದ ಗೋಣಿಚೀಲದ ಕೆಳಗೆ ಇಪ್ಪತ್ತು ನಿಮಿಷ ಅಲುಗಾಡದೆ ಕುಳಿತು ಆತ ಗುಡ್ಡದ ಪಾತ್ರಕ್ಕೆ ನ್ಯಾಯ ಸಲ್ಲಿಸಿದನು. ಮರುದಿನದಿಂದ ಶಾಲೆಯಲ್ಲಿ ದಾನೇಶ್ವರಿಯ ಹೆಸರು ‘ಗುಡ್ಡದ ಮಗಳು’ ಎಂದಾಯಿತು. ಒಂದು ವರ್ಷವಾದರೂ ಆ ಹೆಸರು ಹೋಗಿರಲಿಲ್ಲ.

ಈ ವರ್ಷ ಹೊಸ ಶಾಸನ ಬಂತು: ‘ಹಳೇ ಕಾಲದ ಮೆರವಣಿಗೆ. ತಂದೆಯಂದಿರು ಐವತ್ತು ವರ್ಷದ ಹಿಂದಿನ ಮಾದರಿಯ ತ್ರೀ ಪೀಸ್ ಸೂಟು ಧರಿಸಿ, ಮಗುವಿನ ಕೈಹಿಡಿದು ವೇದಿಕೆಯ ಮೇಲೆ ನಡೆಯತಕ್ಕದ್ದು. ಕೇವಲ ಮೂರು ವಾರ ಉಳಿದಿದೆ. ಖರ್ಚು ಮಾಡಬೇಡಿ, ಮನೆಯಲ್ಲಿ ಇದ್ದದ್ದನ್ನೇ ಬಳಸಿ.’ ತ್ರೀ ಪೀಸ್ ಸೂಟುಗಳು ಯಾರ ಮನೆಯಲ್ಲಿ ಇದ್ದೇ ಇರುತ್ತವೋ ಅವರು ಯಾವ ಗ್ರಹದವರೆಂದು ಶಾಸನದಲ್ಲಿ ಬರೆದಿರಲಿಲ್ಲ.

“ಅಪ್ಪಾ,” ಎಂದಳು ದಾನೇಶ್ವರಿ, “ಈ ಸಲ ಗುಡ್ಡ ಆಗಬ್ಯಾಡ. ಎಲ್ಲಾರ ಅಪ್ಪಗೋಳ ಗತೆ ಕೋಟ್ ಹಾಕ್ಕೊಂಡು ಬಾ.”

“ಬರ್ತೇನಿ ಬಿಡವಾ.”

“ಹೋದ ವರ್ಷನೂ ಹಿಂಗ ಅಂದಿದ್ದಿ. ಆಮ್ಯಾಲ ಟೀಚರ್ ಹೇಳಿದ ಕೂಡ್ಲೇ ಗ್ವಾಣಿಚೀಲದಾಗ ಹೊಕ್ಕಿ.”

ಈ ವಾಗ್ಬಾಣವು ನೇರವಾಗಿ ಎದೆಗೆ ನಾಟಲು, ಆ ವೀರನು ಎದ್ದು ನಿಂತು, ‘ಎಲೈ ಕುಮಾರಿ, ಸೂರ್ಯಚಂದ್ರರು ಸಾಕ್ಷಿಯಾಗಿರಲಿ, ಅಷ್ಟದಿಕ್ಕುಗಳು ಕಿವಿಗೊಡಲಿ, ಕೋಟಿನ ಎರಡು ತೋಳುಗಳಲ್ಲಿ ಈ ನನ್ನ ಎರಡು ತೋಳುಗಳು ಪ್ರವೇಶಿಸುವ ತನಕ ನಾನು ವಿಶ್ರಮಿಸೆನು’ ಎಂದು ಘೋರಪ್ರತಿಜ್ಞೆ ಮಾಡಿದನು. ಬಾಯಿಂದ ಬಂದ ಮಾತು ಮಾತ್ರ ಇಷ್ಟು: “ಆತು. ನೋಡೂಣು.”

ಪ್ರಥಮ ದಂಡಯಾತ್ರೆಯು ನಾಟಕದ ಉಡುಪುಗಳನ್ನು ಬಾಡಿಗೆಗೆ ಕೊಡುವ ತಿಪ್ಪಣ್ಣನ ಅಂಗಡಿಯ ಮೇಲೆ ನಡೆಯಿತು. ಹಳೇ ಕಾಲದ ಸೂಟು ಬೇಕೆಂದಾಗ ತಿಪ್ಪಣ್ಣ, “ಯಾರಿಗ್ರಿ?” ಎಂದು ಕೇಳಿದನು.

“ನನಗರಿ.”

ತಿಪ್ಪಣ್ಣ ಅಂಗಾಲಿನಿಂದ ನೆತ್ತಿಯ ತನಕ ನೋಡಿದನು. ಅದಕ್ಕೆ ಕೊಂಚ ಸಮಯ ಹಿಡಿಯಿತು. “ನಿಮ್ಮ ಸೈಜಿಗೆ ರಾಕ್ಷಸಂದು ಐತ್ರಿ. ಯಮಂದು ಎರಡು ಅದಾವು, ಕ್ವಾಣದ ಮಾರಿ ಸಮೇತ. ಮನಷ್ಯಾರದು ಇಲ್ಲರಿ.”

ದ್ವಿತೀಯ ದಂಡಯಾತ್ರೆ ಹುಬ್ಬಳ್ಳಿಗೆ. ಅಲ್ಲಿಯ ರೆಡಿಮೇಡ್ ಅಂಗಡಿಗಳ ಸೂಟುಗಳು ಒಂದರ ಹಿಂದೊಂದು ಗದಿಗೆಪ್ಪನ ಮೇಲೇರಿ ಬಂದು ಭಗ್ನಮನೋರಥವಾಗಿ ಹಿಂದಿರುಗಿದವು. ಕೋಟು ಹೊಲಿಯುವ ಕಂಪನಿಗಳ ಶಾಸ್ತ್ರದ ಪ್ರಕಾರ ದಪ್ಪಗಿದ್ದವನು ಗಿಡ್ಡಗಿರಬೇಕು, ಎತ್ತರವಿದ್ದವನು ಕೋಲಿನಂತಿರಬೇಕು. ಎರಡೂ ಒಟ್ಟಿಗೆ ಇರುವವನು ಬ್ರಹ್ಮನ ತಪ್ಪೇ ಹೊರತು ಅವರದಲ್ಲ. ಒಂದು ಕೋಟು ಎದೆಗೆ ಸರಿಹೋಯಿತು, ತೋಳು ಮೊಣಕೈಗೇ ಮುಗಿದುಹೋಯಿತು. ಇನ್ನೊಂದರ ತೋಳು ಸರಿಹೋಯಿತು, ಗುಂಡಿಗೂ ಗುಂಡಿರಂಧ್ರಕ್ಕೂ ನಡುವೆ ಒಂದು ಗೇಣು ಬಯಲು ಉಳಿಯಿತು. ಮೂರನೆಯದನ್ನು ತೊಟ್ಟದ್ದು ಒಬ್ಬನೇ, ಕಳಚಲು ಮೂವರು ಬೇಕಾದರು. ಅಳತೆ ಕೊಟ್ಟು ಮಾಡಿಸಿದರೆ ಇಪ್ಪತ್ತಾರು ಸಾವಿರವಾಗುತ್ತದೆಂದು ಅಂಗಡಿಯವರು ನಯವಾಗಿ ತಿಳಿಸಿದರು.

ಜೊತೆಯಲ್ಲಿದ್ದ ಹೆಂಡತಿ ಸುವರ್ಣಾ ಅಷ್ಟೇ ನಯವಾಗಿ, “ಆ ರೊಕ್ಕಕ್ಕ ಒಂದು ಆಕಳ ಬರತೈತ್ರಿ. ಆಕಳ ಹಾಲರ ಕೊಡತೈತಿ,” ಎಂದು ಗಂಡನ ಕೈಹಿಡಿದು ಹೊರಗೆ ಕರೆತಂದಳು.

ಮನೆಗೆ ಬಂದವಳೇ ಮಂಚದ ಕೆಳಗಿನ ಟ್ರಂಕನ್ನು ಎಳೆದು, ತಳದಿಂದ ಒಂದು ಸೂಟ್ ಪೀಸ್ ತೆಗೆದಳು. ಕಂದು ಬಣ್ಣ, ಅಂಗೈಯಗಲದ ಚೌಕಳಿ. ಐವತ್ತು ವರ್ಷದ ಹಿಂದಿನ ಮಾದರಿಯಲ್ಲ, ಹೆಚ್ಚುಕಡಿಮೆ ಐವತ್ತು ವರ್ಷದ ಹಿಂದಿನ ಬಟ್ಟೆಯೇ. ಅದು ಆಯೇರಿಯಾಗಿ ಬಂದದ್ದು. ಆಯೇರಿಯೆಂದರೆ ಮದುವೆ ಮುಂಜಿಗಳಲ್ಲಿ ಬೀಗರು ಬಿಜ್ಜರು ಒಬ್ಬರಿಗೊಬ್ಬರು ಕೊಟ್ಟುಕೊಳ್ಳುವ ಬಟ್ಟೆ; ಅದಕ್ಕೆ ಮನೆಯಿಂದ ಮನೆಗೆ ಪ್ರಯಾಣವುಂಟು, ಹೊಲಿಗೆಯಿಲ್ಲ. ಗದಿಗೆಪ್ಪನ ಮಾವನವರು, ಮುಚ್ಚುತ್ತಿದ್ದ ಒಂದು ಹಳೆಯ ಬಟ್ಟೆಯಂಗಡಿಯಿಂದ ಈ ಚೌಕಳಿಯ ಇಡೀ ಥಾನನ್ನೇ ಅಗ್ಗಕ್ಕೆ ತಂದು, ಹತ್ತು ವರ್ಷದ ಹಿಂದೆ ಮಗನ ಮದುವೆಯಲ್ಲಿ ಬಂಧುಬಳಗದ ಗಂಡಸರಿಗೆಲ್ಲ ಒಂದೊಂದು ತುಂಡು ಹಂಚಿ ಉದಾರಿಯೆನಿಸಿಕೊಂಡಿದ್ದರು. ಬಣ್ಣ ನೋಡಿ ಯಾರೂ ಹೊಲಿಸಿರಲಿಲ್ಲ.

ಟೇಲರ್ ಗೌಸಸಾಬ ಬಟ್ಟೆಯನ್ನು ಮುಟ್ಟಿ ಕಣ್ಣು ಮುಚ್ಚಿದನು. “ಏನ ಅರಿವಿ ಅಂತೀನಿ. ಈಗ ಬಜಾರದಾಗ ಎಲ್ಲೂ ಸಿಗಂಗಿಲ್ಲ.” ಆಮೇಲೆ ಗದಿಗೆಪ್ಪನ ಸೊಂಟದ ಸುತ್ತ ಟೇಪು ತಂದನು. “ಕಂಡಕ್ಟರ್ ಸಾಹೇಬ್ರ, ಟೇಪ್ ಮುಗೀತ್ರಿ. ನೀವು ಇನ್ನೂ ಉಳದೀರಿ.”

“ಆಗತೈತೋ ಇಲ್ಲೋ, ಅಷ್ಟ ಹೇಳು.”

“ಪ್ಯಾಂಟು, ಒಳಗಿನ ವೇಸ್ಟ್‌ಕೋಟು ಆಗತಾವ್ರಿ. ಮ್ಯಾಲಿನ ಕೋಟಿಗೆ ಇಂಥಾದ್ದ ಇನ್ನೊಂದು ಪೀಸ್ ಬೇಕು.”

ಇನ್ನೊಂದು ಪೀಸು ಯಾರಲ್ಲಿದೆಯೆಂದು ಸುವರ್ಣಾಳಿಗೆ ಗೊತ್ತಿತ್ತು. ಬೆಟಗೇರಿಯಲ್ಲಿ, ಅವಳ ಅಕ್ಕನ ಗಂಡ, ಅಂದರೆ ಗದಿಗೆಪ್ಪನ ಷಡ್ಡಕ, ಚನ್ನಬಸಪ್ಪನ ಕಪಾಟಿನಲ್ಲಿ. ಕುಲವೈರಿಗಳಲ್ಲಿ ಷಡ್ಡಕನಿಗೆ ಸಮನಾದವನಿಲ್ಲ. ಅದೇ ಮದುವೆಯ ಊಟದ ಪಂಕ್ತಿಯಲ್ಲಿ ಈ ಚನ್ನಬಸಪ್ಪ, “ಗದಿಗೆಪ್ಪಗ ಎರಡು ಎಲಿ ಹಾಸ್ರಿ,” ಎಂದು ಕೂಗಿ ನೂರು ಜನರನ್ನು ನಗಿಸಿದ್ದನು. ಅಂದಿನಿಂದ ಮಾತಿರಲಿಲ್ಲ.

“ಹೋಗಿ ಕೇಳಿ ಇಸ್ಕೊಂಡು ಬಾ,” ಎಂದನು ಗದಿಗೆಪ್ಪ.

“ಆಯೇರಿ ಕೊಟ್ಟದ್ದನ್ನ ಯಾರರ ಕೇಳತಾರೇನ್ರೀ? ಅದು ತಾನಾಗೇ ಬರಬೇಕು.”

“ಯಾವಾಗ ಬರತೈತಿ?”

“ಮನ್ಯಾಗ ಕಾರ್ಯಾ ಮಾಡಿದ್ರ ಬರತೈತಿ. ನಮ್ಮ ಭಾವನ ಸ್ವಭಾವ ನನಗ ಗೊತ್ತಿಲ್ಲೇನು? ಹೊಸಾ ಅರಿವಿ ತರೂ ಪೈಕಿ ಅಲ್ಲ ಅವರು. ಕಪಾಟಿನ ತಳದಾಗಿನದ್ದ ತರತಾರ.”

ಇಂಥ ಯುದ್ಧತಂತ್ರವನ್ನು ಯಾವ ಸೇನಾಪತಿಯೂ ಹೊಸೆದಿರಲಾರನು. ಕಾರ್ಯಕ್ಕೆ ಕಾರಣ ಬೇಕಿತ್ತು. ಮಾಳಿಗೆಯ ಮೇಲೆ, ಕೆಟ್ಟ ಕೂಲರನ್ನೂ ಕೊಬ್ಬರಿ ಚಿಪ್ಪುಗಳನ್ನೂ ಇಡಲೆಂದು ಇತ್ತೀಚೆಗೆ ಕಟ್ಟಿಸಿದ ಹತ್ತಡಿಯ ಖೋಲಿಯೊಂದಿತ್ತು. ಅದಕ್ಕೆ ವಾಸ್ತುಶಾಂತಿಯೆಂದು ನಿಶ್ಚಯವಾಯಿತು. ಕೂಲರ್ ಕೆಳಗಿಳಿಯಿತು, ಮಾವಿನ ತೋರಣ ಮೇಲೇರಿತು, ಅರವತ್ತು ಜನರಿಗೆ ಹೋಳಿಗೆಯ ಊಟಕ್ಕೆ ಹೇಳಿಕೆ ಹೋಯಿತು.

ಆ ದಿನ ಬೀಗರ ಸೇನೆಯು ಸಮುದ್ರದಂತೆ ಉಕ್ಕಿ ಬಂದು, ಖೋಲಿಯಲ್ಲಿ ಹಿಡಿಸದೆ, ಮೆಟ್ಟಿಲುಗಳ ಮೇಲೆ ಸಾಲಾಗಿ ಬೀಡುಬಿಟ್ಟಿತು. ದಂಪತಿಗಳನ್ನು ಮಣೆಯ ಮೇಲೆ ಕೂರಿಸಿ, ಒಬ್ಬೊಬ್ಬರಾಗಿ ಬಂದು ಕುಂಕುಮವಿಟ್ಟು ಬಟ್ಟೆಯ ಕವರುಗಳನ್ನು ಮಡಿಲಿಗೆ ಹಾಕಿದರು. ಎದುರಿಗೇ ಬಿಚ್ಚಿ ನೋಡುವುದು ಸಭ್ಯರ ಲಕ್ಷಣವಲ್ಲ. ಗದಿಗೆಪ್ಪನ ಕಣ್ಣುಗಳು ಮಾತ್ರ ಷಡ್ಡಕನ ಕಂಕುಳಲ್ಲಿದ್ದ ಬಿಳಿ ಕವರಿನಲ್ಲೇ ನಟ್ಟಿದ್ದವು. ಹತ್ತು ವರ್ಷದ ಮೌನವನ್ನು ಭೇದಿಸಿ ಚನ್ನಬಸಪ್ಪನೇ ನುಡಿದನು:

“ಬಾಳ ಛಲೋ ಅರಿವಿ ತಂದೇನಪಾ ಗದಿಗೆಪ್ಪಾ. ಹೊಲಸ್ಕೊ ಮತ್ತ, ಹಂಗ ಟ್ರಂಕಿನಾಗ ಇಡಬ್ಯಾಡ.”

“ಹೊಲಸ್ತೇನಪಾ. ನನ್ನ ಅರ್ಧ ಮೈಗರ ಆಗತೈತೇನ ನೋಡೂಣು.”

“ಉಳದ ಅರ್ಧಕ್ಕ ತಾಡಪಾಲ ಐತಲ್ಲ, ನಿಮ್ಮ ಡಿಪೋದಾಗ.”

ಮೆಟ್ಟಿಲುಗಳ ತನಕ ನಗೆ ಹರಡಿತು. ಗದಿಗೆಪ್ಪನು ಮಣೆಯ ಅಂಚಿಗೆ ಸರಿದನು. ಮಣೆಯಿಂದ ಎದ್ದಿದ್ದರೆ ಏನಾಗುತ್ತಿತ್ತೋ ಹೇಳಲಾಗದು. ಆದರೆ ಸುವರ್ಣಾ ಸೆರಗಿನ ಮರೆಯಿಂದ ಅವನ ತೊಡೆಯನ್ನು ಚಿವುಟಿ, “ಕೋಟು,” ಎಂದಳು, ಅವನಿಗಷ್ಟೇ ಕೇಳುವಂತೆ. ವೀರನು ನಕ್ಕನು. ಅಷ್ಟೇ ಅಲ್ಲ, ತನ್ನ ಕೈಯಾರೆ ಚನ್ನಬಸಪ್ಪನ ಎಲೆಗೆ ನಾಲ್ಕು ಹೋಳಿಗೆ ಬಡಿಸಿ, ಮೇಲೆ ತುಪ್ಪ ಸುರಿದನು. ರಣರಂಗದಲ್ಲಿ ಪ್ರಾಣ ಕೊಟ್ಟವರುಂಟು. ಷಡ್ಡಕನಿಗೆ ತುಪ್ಪ ಬಡಿಸಿದವರು ವಿರಳ.

ಕಡೆಯ ಬೀಗನು ಎಲೆಯಡಿಕೆ ಹಾಕಿಕೊಂಡು ಹೊರಟ ಮೇಲೆ ಬಾಗಿಲು ಹಾಕಿ, ಚನ್ನಬಸಪ್ಪನ ಕವರನ್ನು ಬಿಚ್ಚಿದರು. ಕಂದು ಬಣ್ಣ, ಅಂಗೈಯಗಲದ ಚೌಕಳಿ. ದಾನೇಶ್ವರಿ ಕುಣಿದಳು. ಸುವರ್ಣಾ ಸಂತೋಷದಿಂದ ಎರಡನೆಯ ಕವರನ್ನು ಬಿಚ್ಚಿದಳು. ಅದು ಅವಳ ತಮ್ಮನದು. ಕಂದು ಚೌಕಳಿ. ಸೋದರಮಾವನದು, ಕಂದು ಚೌಕಳಿ. ಲಕ್ಷ್ಮೇಶ್ವರದ ಕಾಕಾನದೂ ಅದೇ. ಹತ್ತು ವರ್ಷಗಳಿಂದ ಇಡೀ ಬೀಗತನವೇ ಆ ಬಟ್ಟೆಯನ್ನು ಸಾಗಹಾಕಲು ಒಂದು ಕಾರ್ಯಕ್ಕಾಗಿ ಕಾದು ಕೂತಿತ್ತು. ಹನ್ನೊಂದು ಕವರುಗಳಲ್ಲಿ ಆರು ಚೌಕಳಿ. ಷಡ್ಡಕನಿಗೆ ತುಪ್ಪ ಸುರಿಯದಿದ್ದರೂ ನಡೆಯುತ್ತಿತ್ತು.

ಊಟ, ಪೆಂಡಾಲು, ಪೂಜೆ ಮಾಡಿದ ಸ್ವಾಮಿಗಳ ಕಾಣಿಕೆ ಸೇರಿ ಈ ಅಗ್ಗದ ಸೂಟಿಗೆ ಮೂವತ್ತೊಂದು ಸಾವಿರ ತಗುಲಿತು. “ಹುಬ್ಬಳ್ಯಾಗ ಇಪ್ಪತ್ತಾರಕ್ಕ ಬರ್ತಿತ್ತು,” ಎಂದನು ಗದಿಗೆಪ್ಪ. “ಅದು ಬ್ಯಾರೆ, ಇದು ಬ್ಯಾರೆ,” ಎಂದಳು ಸುವರ್ಣಾ. ಅರ್ಥಶಾಸ್ತ್ರವು ಅಲ್ಲಿಗೆ ಮುಗಿಯಿತು.

ಗೌಸಸಾಬನು ಹತ್ತು ದಿನ ಬೇರೆ ಕೆಲಸ ಮುಟ್ಟಲಿಲ್ಲ. ಗ್ಯಾದರಿಂಗಿನ ಸಂಜೆ ಮಹಾವೀರನು ಸನ್ನದ್ಧನಾದನು. ಆನೆಯ ಕಿವಿಗಳಂಥ ಕಾಲರು, ಪಾದಗಳನ್ನೇ ನುಂಗಿಬಿಡುವ ಗಂಟೆಯಾಕಾರದ ಪ್ಯಾಂಟು, ಎದೆಯೆಂಬ ಬಯಲಿನಲ್ಲಿ ಒಂದಕ್ಕೊಂದು ತಪ್ಪದೆ ಕೂಡಿಕೊಂಡ ಚೌಕಳಿಗಳು. ತೋಳುಗಳು ಮಣಿಕಟ್ಟಿನ ತನಕ ಬಂದಿದ್ದವು, ಗುಂಡಿಗಳು ಜಗಳವಾಡದೆ ಕೂಡಿದ್ದವು. ದಾನೇಶ್ವರಿ ಸುತ್ತಲೂ ಒಂದು ಪ್ರದಕ್ಷಿಣೆ ಹಾಕಿದಳು.

“ಅಪ್ಪಾ, ಛಂದ ಕಾಣಸಾಕತ್ತಿ,” ಎಂದಳು. ಆಮೇಲೆ, ಯೋಚಿಸಿ, “ಖರೇನ,” ಎಂದು ಸೇರಿಸಿದಳು.

ಇಪ್ಪತ್ಮೂರು ತಂದೆಯಂದಿರು, ಇಪ್ಪತ್ಮೂರು ಮಕ್ಕಳು ವೇದಿಕೆಯ ಪಕ್ಕದಲ್ಲಿ ಸಾಲುಗಟ್ಟಿದರು. ಗದಿಗೆಪ್ಪನ ಸರದಿ ಹದಿನೇಳನೆಯದು. ಮಗಳ ಕೈ ಅವನ ಎರಡು ಬೆರಳುಗಳನ್ನು ಹಿಡಿದಿತ್ತು. ಮುಖ್ಯ ಅತಿಥಿಗಳ ಭಾಷಣವು ಐವತ್ತು ನಿಮಿಷ ನಡೆದು, ಇನ್ನೊಂದು ಸಮಾರಂಭಕ್ಕೆ ತಮಗೆ ತಡವಾಯಿತೆಂದು ಅವರಿಗೆ ನೆನಪಾದಾಗ, ಹೆಡ್ ಮೇಡಮ್ಮನವರು ಮೈಕಿನಲ್ಲಿ, “ಟೈಮ್ ಇಲ್ಲ. ನಡಿಯೂದು ಬ್ಯಾಡ. ಎಲ್ಲಾ ಒಮ್ಮೆಲೇ ಸ್ಟೇಜಿಗೆ ಬರ್ರಿ, ಒಂದು ಫೋಟೋ ತಗೊಂಡು ಮುಗಸೂಣು. ಮಕ್ಕಳು ಮುಂದ ಕುಂಡ್ರಿ. ಎತ್ತರ ಇದ್ದಾರು ಹಿಂದ,” ಎಂದರು.

ಎತ್ತರ ಇದ್ದವನು ಹಿಂದೆ ಹೋದನು.

“ಆ ಸರ್,” ಎಂದನು ಫೋಟೋದವನು, “ಇನ್ನೊಂಚೂರು ಹಿಂದ. ಇನ್ನಾ. ಸ್ವಲ್ಪ ಬಗ್ರಿ.”

ಬಗ್ಗಿದನು. ನಲವತ್ತು ಸೆಕೆಂಡಿನಲ್ಲಿ ಎಲ್ಲವೂ ಮುಗಿಯಿತು. ಒಂದು ಥಾನನ್ನೇ ಜಯಿಸಿದ ಮಹಾಪುರುಷನ ಕುರಿತು ಆ ಚಿತ್ರದಲ್ಲಿ ಕಾಣುವುದು ಇಷ್ಟು: ಒಂದು ತಲೆ, ಒಂದು ಕಾಲರಿನ ತುದಿ.

ಸೋಮವಾರ ಸಂಜೆ ದಾನೇಶ್ವರಿ ಶಾಲೆಯಿಂದ ಬರುವ ಹೊತ್ತಿಗೆ ಗದಿಗೆಪ್ಪ ಡ್ಯೂಟಿ ಬದಲಿಸಿಕೊಂಡು ಕಟ್ಟೆಯ ಮೇಲೆ ಕುಳಿತಿದ್ದನು.

“ಏನಂದ್ರವಾ?”

“ಯಾರು?”

“ನಿನ್ನ ಗೆಳತ್ಯಾರು. ನನ್ನ... ಆ ಗ್ಯಾದರಿಂಗಿನ ಬಗ್ಗೆ.”

ಅವಳು ಬೂಟಿನ ಲೇಸು ಬಿಚ್ಚುತ್ತ ಯೋಚಿಸಿದಳು. “ನಿನ್ನ ಬಗ್ಗೆ ಏನೂ ಅನ್ಲಿಲ್ಲ.”

“ಏನೂ?”

“ಏನೂ ಇಲ್ಲ. ಸ್ಟೇಜಿನ ಮ್ಯಾಲ ಪ್ರೇರಣಾನ ಅಪ್ಪನ ವಿಗ್ ಬಿತ್ತಲ್ಲ, ಎಲ್ಲಾರೂ ಅದನ್ನ ಹಿಡಕೊಂಡು ಕುಂತಾರ. ನನಗ ಗುಡ್ಡದ ಮಗಳು ಅನ್ಲಿಲ್ಲ, ದಾನು ಅಂದ್ರು, ಡಬ್ಬಿ ತಿನ್ನೂಣು ಬಾ ಅಂದ್ರು.”

ಇಷ್ಟು ಹೇಳಿ ಬಿಸ್ಕೀಟು ಹುಡುಕುತ್ತ ಒಳಗೆ ಹೋದಳು. ಗದಿಗೆಪ್ಪ ಕಟ್ಟೆಯ ಮೇಲೆ ಕುಳಿತಲ್ಲೇ ಆ ಮಾತನ್ನು ಮನಸ್ಸಿನಲ್ಲಿ ಇನ್ನೊಮ್ಮೆ ಹೇಳಿಕೊಂಡನು. ಏನೂ ಅನ್ಲಿಲ್ಲ.

“ಕುಂತೀರೇನು?” ಒಳಗಿನಿಂದ ಸುವರ್ಣಾಳ ದನಿ ಬಂತು. “ಜ್ವಾಳಾ ಹಸನ ಮಾಡಿಟ್ಟೇನಿ. ಕರೆಂಟ್ ಹೋಗೂದ್ರಾಗ ಗಿರಣಿಗೆ ಹೋಗಿ ಬರ್ರಿ.”

ಮಹಾವೀರನು ಜೋಳದ ಡಬ್ಬಿಯನ್ನು ಬಗಲಲ್ಲಿಟ್ಟುಕೊಂಡು ಗಿರಣಿಗೆ ಹೋದನು. ಪಾಳಿಯ ಸಾಲು ಉದ್ದವಿತ್ತು. ನಿಂತನು.