ನೋಡುವ ಮೀನು, ತಿನ್ನುವ ಮೀನು

ಆಗಸ್ಟ್ ಹತ್ತು, ಭಾನುವಾರ. ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ಇದನ್ನು ಬರೆಯಲು ಕುಳಿತಿದ್ದೇನೆ. ಲೋಕದಲ್ಲಿ ಪುಕ್ಕಟೆ ಸಿಗುವ ವಸ್ತುಗಳಲ್ಲಿ ಸಲಹೆಯಷ್ಟು ಕೀಳಾದದ್ದು ಇನ್ನೊಂದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಹಾಳಾದ ಬಂಗಡೆಯನ್ನಾದರೂ ಕಿವಿರು ಎತ್ತಿ ನೋಡಿ ಗುರುತಿಸಬಹುದು. ಹಾಳಾದ ಸಲಹೆಗೆ ಕಿವಿರೂ ಇಲ್ಲ, ವಾಸನೆಯೂ ಇಲ್ಲ. ಮನೆಗೆ ತಂದು, ನೀರಿಗೆ ಬಿಟ್ಟು, ನಾಲ್ಕು ದಿನ ಅನುಭವಿಸಿದ ಮೇಲೇ ಅದರ ಗುಣ ತಿಳಿಯುವುದು. ಅಷ್ಟರೊಳಗೆ ಕೊಟ್ಟವನು ಇನ್ನೊಬ್ಬನಿಗೆ ಇನ್ನೊಂದು ಸಲಹೆ ಕೊಡುತ್ತ ಕುಳಿತಿರುತ್ತಾನೆ. ನನಗೆ ದಿನಚರಿ ಬರೆಯುವ ಅಭ್ಯಾಸವಿದೆ. ಈ ಮಳೆಗಾಲದಲ್ಲಿ ನಮ್ಮ ಮನೆಗೆ ಬಂದ ಸಲಹೆಗಳ ಎಣಿಕೆಯನ್ನು ಅದರಲ್ಲಿ ಇಡಲು ಹೋಗಿ, ಐವತ್ತು ದಾಟಿದ ಮೇಲೆ ಪೆನ್ನಿನ ಮೇಲಿನ ಮರುಕದಿಂದ ಬಿಟ್ಟುಬಿಟ್ಟೆ.

ಮೊದಲ ಸಲಹೆ ಕೊಟ್ಟವರು ಡಾಕ್ಟರು. ನಮ್ಮ ಮನೆ ಅಂಕೋಲೆಯಲ್ಲಿ, ನನ್ನ ನೌಕರಿ ಕಾರವಾರದಲ್ಲಿ. ಅಪ್ಪ ಇದೇ ದಾರಿಯ ಬಸ್ಸುಗಳಲ್ಲಿ ಕಂಡಕ್ಟರಾಗಿದ್ದು ಹೋದ ವರ್ಷ ನಿವೃತ್ತನಾದ. ನಿವೃತ್ತಿಯಾದ ಮೇಲೆ ಗದರಿಸಲು ಪ್ರಯಾಣಿಕರಿಲ್ಲದೆ ಅವನ ಬಿಪಿ ಏರಿತು. ಜೂನ್ ತಿಂಗಳ ಮೊದಲ ವಾರ ಅವನನ್ನು ಕಾರವಾರದ ಡಾಕ್ಟರ ಹತ್ತಿರ ಕರೆದೊಯ್ದೆ. ಅವರು ಅಪ್ಪನ ತೋಳಿಗೆ ಪಟ್ಟಿ ಸುತ್ತಿ, ಗಾಳಿ ಹಾಕಿ, ಮುಖ ಸಿಂಡರಿಸಿ, "ಉಪ್ಪು ಮೀನು ಪೂರ್ತಿ ಬಂದ್" ಎಂದರು.

ಇದರ ಭೀಕರತೆ ಘಟ್ಟದ ಮೇಲಿನವರಿಗೆ ತಿಳಿಯಲಾರದು. ಮಳೆಗಾಲದಲ್ಲಿ ಬೋಟುಗಳು ದಡದಲ್ಲಿರುತ್ತವೆ, ಪೇಟೆಯಲ್ಲಿ ಹಸಿ ಮೀನು ಸಿಗುವುದೇ ಅಪರೂಪ. ಆಗ ಬಿಸಿ ಗಂಜಿ, ಅದರ ಪಕ್ಕದಲ್ಲಿ ಕೆಂಡದ ಮೇಲೆ ಸುಟ್ಟ ಉಪ್ಪಿನ ಬಂಗಡೆ. ಅಪ್ಪನ ಪಾಲಿಗೆ ಅದು ಊಟವಲ್ಲ, ಬಾಳಿನ ಉದ್ದೇಶ.

"ಹಂಗಾದ್ರೆ ಗಂಜಿ ಎಂತಕ್ಕೆ ಉಣ್ಣೂದು ಡಾಕ್ಟ್ರೇ?" ಎಂದ ಅಪ್ಪ. ಅವನ ದನಿಯಲ್ಲಿ ತಮಾಷೆ ಇರಲಿಲ್ಲ.

ಡಾಕ್ಟರಿಗೆ ಕನಿಕರ ಬಂದಿರಬೇಕು. "ತಿನ್ನೋ ಮೀನು ಸ್ವಲ್ಪ ದಿನ ಬಿಡಿ, ನೋಡೋ ಮೀನು ತನ್ನಿ. ಮನೇಲಿ ಒಂದು ಅಕ್ವೇರಿಯಂ ಇಟ್ಟು, ದಿನಾ ಅರ್ಧ ಗಂಟೆ ಅದರ ಮುಂದೆ ಕೂತ್ಕೊಳ್ಳಿ. ಮನಸ್ಸು ತಣ್ಣಗಾಗ್ತದೆ. ಬಿಪಿ ಇಳೀಲಿ, ವಾರಕ್ಕೊಂದು ಬಂಗಡೆಗೆ ನಾನೇ ಪರವಾನಗಿ ಕೊಡ್ತೇನೆ" ಎಂದರು.

ಬರುವಾಗ ಬಸ್ಸಿನಲ್ಲಿ ಅಪ್ಪ ಕಿಟಕಿಯ ಸರಳು ಹಿಡಿದು ಕುಳಿತಿದ್ದ. ಅಂಕೋಲೆ ಹತ್ತಿರವಾದಾಗ ಬಾಯಿ ಬಿಟ್ಟ: "ನಾವು ಹುಟ್ಟಿದ ಲಾಗಾಯ್ತು ಮೀನು ನೋಡ್ತಾನೇ ಬಂದವ್ರು. ಊರಲ್ಲಿ ಯಾರ ಬಿಪಿ ಇಳ್ದದ್ಯಾ ತಮಾ?" ಬಸ್ಸಿನಿಂದ ಇಳಿಯುತ್ತ, "ಆದ್ರೂ ತಕೊಂಡ್ ಬಾ. ಜಲ್ದಿ" ಎಂದ.

ಯಾವ ಕೆಲಸವನ್ನಾದರೂ ಕ್ರಮವಾಗಿ ಮಾಡುವವನು ನಾನು. ಎರಡೂವರೆ ಅಡಿಯ ಗಾಜಿನ ತೊಟ್ಟಿ, ಸುಮಾರು ನೂರು ಲೀಟರ್ ಬಾವಿ ನೀರು. ಇಷ್ಟರಲ್ಲಿ ಜಗಳವಾಡದೆ ಬದುಕುವ ಮೀನುಗಳು ಯಾವುವು ಎಂದು ಮೊಬೈಲಿನ ಮೀನು ಸಾಕುವವರ ಗುಂಪುಗಳಲ್ಲಿ ಕೇಳಿದೆ. ಆ ಗುಂಪುಗಳಲ್ಲಿ ಮೀನುಗಳಿಗಿಂತ ಮೊದಲು ಸಾಕುವವರನ್ನೇ ಬೇರೆ ಬೇರೆ ತೊಟ್ಟಿಗೆ ಹಾಕಬೇಕಾದ ಪರಿಸ್ಥಿತಿ ಇದೆ. ಗೋಲ್ಡ್ ಫಿಶ್ ತನ್ನಿ ಎಂದ ಒಬ್ಬನನ್ನು ಉಳಿದವರು ಕೊಲೆಗಾರನೆಂದು ಕರೆದರು. ಒಬ್ಬ ಮಹಾನುಭಾವ, ನಿಮ್ಮ ನೀರಿನ ಗಡಸುತನ ತಿಳಿಸದೆ ಉತ್ತರಿಸಲಾರೆ ಎಂದ. ಅದನ್ನು ಮನೆಯಲ್ಲಿ ಗಟ್ಟಿಯಾಗಿ ಓದಿದ್ದು ನನ್ನ ತಪ್ಪು. ಅಪ್ಪನ ತಾಯಿ, ನನ್ನ ಅಜ್ಜಿ, ಅಡಿಗೆಮನೆಯಿಂದಲೇ, "ಈ ಬಾವಿ ನೀರು ಕುಡ್ದೇ ನಾ ಇಷ್ಟು ವರ್ಷ ಬದ್ಕಿದ್ದೆ. ನಿನ್ನ ಮೀನಿಗೆ ಎಂತಾ ಧಾಡಿಯಾ?" ಎಂದಳು. ಆ ಮಹಾನುಭಾವನಿಗೆ ಇದನ್ನೇ ಬರೆದು ಕಳಿಸಿದೆ. ನನ್ನನ್ನು ಗುಂಪಿನಿಂದ ತೆಗೆದುಹಾಕಿದರು.

ಕೊನೆಗೆ ನಾನೇ ಒಂದು ಪಟ್ಟಿ ಮಾಡಿದೆ. ಎಡಕ್ಕೆ ಮೀನಿನ ಹೆಸರು, ಬಲಕ್ಕೆ ಅದಕ್ಕೆ ಬೇಕಾದ ಶಾಖ, ನೀರಿನ ಗುಣ, ಆಹಾರ, ಬೆಳೆಯುವ ಉದ್ದ. ಪ್ರತಿಯೊಂದಕ್ಕೂ ಅಂಕ. ಹೋದ ವರ್ಷ ಅಕ್ಕನ ಮದುವೆಗೆ ನಮ್ಮ ತಾಯಿ, ಅಂದರೆ ಆಯಿ, ಜಾತಕ ಹಿಡಿದು ಓಡಾಡಿದಾಗ, "ಹುಡುಗ ಗೊರಕೆ ಹೊಡೀತಾನಾ ಅಂತ ಇದರಲ್ಲಿ ಬರದದ್ಯಾ ಆಯಿ?" ಎಂದು ಅವಳನ್ನು ಗೇಲಿ ಮಾಡಿದವನು ನಾನೇ. ನನ್ನ ಪಟ್ಟಿಯಾದರೋ ವೈಜ್ಞಾನಿಕ. ಅದರ ಪ್ರಕಾರ ಏಂಜೆಲ್ ಮೀನಿಗೂ ಟೈಗರ್ ಬಾರ್ಬ್ ಮೀನಿಗೂ ಹತ್ತಕ್ಕೆ ಹತ್ತು ಕೂಡಿಬಂತು. ಎರಡಕ್ಕೂ ಅದೇ ಶಾಖ, ಅದೇ ನೀರು, ಅದೇ ಹಿಟ್ಟಿನ ಗುಳಿಗೆ. ಸ್ವಭಾವ ಎಂಬ ಒಂದು ಕಾಲಂ ಮಾತ್ರ ಇರಲಿಲ್ಲ. ಜಾತಕದಲ್ಲೂ ಇರುವುದಿಲ್ಲವಷ್ಟೆ.

ಕಾರವಾರದ ಮೀನಂಗಡಿಯ ಮಾಲಕನಿಗೆ ಬರುತ್ತಿದ್ದದ್ದು ಒಂದೇ ವಾಕ್ಯ. ಯಾವ ಮೀನನ್ನು ತೋರಿಸಿ ಯಾವುದರ ಜೊತೆ ಇರುತ್ತದೆ ಎಂದು ಕೇಳಿದರೂ, "ಕಾಳಜಿ ಮಾಡ್ಬೇಡಿ, ಹೊಂದ್ಕೊಂಡ್ ಹೋಗ್ತವೆ." ಮೂಲೆಯ ತೊಟ್ಟಿಯಲ್ಲಿ ಅಂಗೈಯಷ್ಟು ದೊಡ್ಡ ಮೀನೊಂದರ ಬಾಯಿಯಿಂದ ಇನ್ನೊಂದರ ಬಾಲ ಹೊರಗೆ ಕಾಣುತ್ತಿತ್ತು. ಬಾಲ ಇನ್ನೂ ಅಲುಗಾಡುತ್ತಿತ್ತು.

"ಇದು?" ಎಂದೆ.

ಆತ ಬಗ್ಗಿ ನೋಡಿ, ಸ್ವಲ್ಪವೂ ನಾಚದೆ, "ಹೊಂದ್ಕೊಂಡೇ ಆಯ್ತಲ್ರೀ. ಇನ್ನು ತಕರಾರೇ ಇಲ್ಲ ನೋಡಿ" ಎಂದ.

ಇಷ್ಟು ಕಣ್ಣಾರೆ ಕಂಡೂ ಆ ಅಂಗಡಿಯಿಂದಲೇ ಎರಡು ಏಂಜೆಲ್, ಐದು ಬಾರ್ಬ್ ಕೊಂಡು ತಂದೆ. ಪಟ್ಟಿಯ ಮೇಲೆ ನನಗಿದ್ದ ನಂಬಿಕೆ ಅಂಥದ್ದು.

ತೊಟ್ಟಿ ಬಂದ ದಿನ ಕೇರಿಯ ಅರ್ಧ ಜನ ಬಂದು ನೋಡಿಹೋದರು. ನಮ್ಮ ಕಡೆಯವರು ಮೀನನ್ನು ನೋಡುವುದು ಒಂದೇ ದೃಷ್ಟಿಯಿಂದ. "ಚಂದ ಅದೆ. ಸಾರಿಗೋ, ಹುರಿಯೂಕೋ?" ಎಂದು ಕೇಳಿದವರೇ ಹೆಚ್ಚು. ಪಕ್ಕದ ಮನೆಯಾಕೆ ಗಾಜಿಗೆ ಮೂಗು ತಾಗಿಸಿ ಲೆಕ್ಕ ಹಾಕಿ, "ಏಳೂ ಸೇರಿ ಒಬ್ಬರ ತಾಟಿಗೂ ಬರೂದಿಲ್ಲ ಬಿಡಿ" ಎಂದು ಆಯಿಗೆ ಸಮಾಧಾನ ಹೇಳಿದಳು. ಮರುದಿನ ಸೋಮವಾರ, ನಮ್ಮ ಮನೆಯಲ್ಲಿ ಮೀನಿಲ್ಲದ ದಿನ. ಬೆಳಿಗ್ಗೆ ಎದ್ದು ನೋಡಿದರೆ ತೊಟ್ಟಿಯ ಮೇಲೆ ಅಜ್ಜಿಯ ಹಳೇ ಸೀರೆ ಹೊದೆಸಿತ್ತು. ಮಂಗಳವಾರ ಅವಳೇ ತೆಗೆದು ಮಡಚಿಟ್ಟಳು.

ಮಂಗಳವಾರದಿಂದಲೇ ಯುದ್ಧ ಶುರುವಾಯಿತು. ಏಂಜೆಲ್ ಎಂದರೆ ಮದುವೆಮನೆಯಲ್ಲಿ ಉದ್ದ ಸೆರಗು ಇಳಿಬಿಟ್ಟು ಯಾರೂ ತುಳಿಯಬಾರದೆಂದು ನಿಧಾನ ನಡೆಯುವ ಹೆಂಗಸಿನಂಥ ಮೀನು. ಬಾರ್ಬ್ ಎಂದರೆ ಆ ಸೆರಗನ್ನು ಜಗ್ಗಲೆಂದೇ ಹುಟ್ಟಿದ ಪಟ್ಟೆ ಪಟ್ಟೆಯ ಪೋಕರಿ. ಹಸಿವೆಗೆ ಕಚ್ಚುವುದಾದರೆ ಕ್ಷಮಿಸಬಹುದು. ಹೊಟ್ಟೆ ತುಂಬ ತಿಂದು, ಬೇಸರ ಕಳೆಯಲು ಕಚ್ಚುವ ಜಾತಿ. ವಾರದೊಳಗೆ ದೊಡ್ಡ ಏಂಜೆಲ್‌ನ ರೆಕ್ಕೆ ಹಳೇ ಛತ್ರಿಯ ಹಾಗಾಯಿತು.

ಅಪ್ಪ ಮೊದಲ ದಿನ ಅರ್ಧ ಗಂಟೆ ಕುಳಿತ. ಎರಡನೆಯ ದಿನ ಒಂದು ಗಂಟೆ. ಆಮೇಲೆ ಎದ್ದವನೇ ಅಲ್ಲ. "ಏ ಪಟ್ಟೆ ಅಂಗೀ! ಒಳಗೆ ನಡಿಯಾ! ಹೆಣ್ಮಕ್ಕಳ ಮೈಮೇಲೆ ಎಂತಕ್ಕೆ ಬೀಳ್ತೆ?" ಎಂಬ ಕೂಗು ಹೆದ್ದಾರಿಯ ತನಕ ಕೇಳತೊಡಗಿತು. ಆಯಿ ಊಟಕ್ಕೆ ಕರೆದರೆ, "ನಾ ಎದ್ರೆ ಅವ್ರು ಕಚ್ತಾರೆ" ಎನ್ನುತ್ತಿದ್ದ. ಒಂದು ಸಂಜೆ ನಾನು ಆಫೀಸಿನಿಂದ ಬಂದಾಗ ಅಪ್ಪ ಪೆಟ್ಟಿಗೆಯ ತಳದಿಂದ ತನ್ನ ಹಳೇ ಸೀಟಿ ಹುಡುಕಿ ತೆಗೆದು, ತೊಟ್ಟಿಯ ಮುಂದೆ ಕೆನ್ನೆಯುಬ್ಬಿಸಿ ಊದುತ್ತಿದ್ದ. ಬಾರ್ಬುಗಳು ಅರೆಕ್ಷಣ ನಿಂತವು. ಆಮೇಲೆ ಅಭ್ಯಾಸವಾಗಿ, ಸೀಟಿ ಕೇಳಿದರೆ ಊಟ ಬಂತೆಂದು ಮೇಲೆ ಬರತೊಡಗಿದವು.

ಜುಲೈ ತಿಂಗಳ ತಪಾಸಣೆಯಲ್ಲಿ ಬಿಪಿ ಮೊದಲಿಗಿಂತ ಮೇಲಿತ್ತು. ಡಾಕ್ಟರು ಕನ್ನಡಕದ ಮೇಲಿನಿಂದ ನೋಡಿ, "ಕದ್ದು ಬಂಗಡೆ ತಿಂತಾ ಇದ್ದೀರಿ" ಎಂದುಬಿಟ್ಟರು.

ಅಪ್ಪನಿಗೆ ಆದ ಅವಮಾನವನ್ನು ಹೇಳಲಾರೆ. ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ, "ಇಷ್ಟು ವರ್ಷ ಚೆಕ್ಕಿಂಗಿನವ್ರು ನನ್ನ ಚೀಲದಲ್ಲಿ ಒಂದು ತಪ್ಪು ಕಂಡವ್ರಲ್ಲ. ಈ ಪುಣ್ಯಾತ್ಮ ನನ್ನ ಹೊಟ್ಟೆಗೇ ಚೆಕ್ಕಿಂಗ್ ಹಾಕ್ದ!" ಎಂದ. ನಿಜಕ್ಕೂ ಅವನು ಒಂದು ಚೂರೂ ತಿಂದಿರಲಿಲ್ಲ. ಹಿತ್ತಲ ಕೊಟ್ಟಿಗೆಯಲ್ಲಿ ಬಂಗಡೆಯ ಡಬ್ಬಿ ಇರುವ ಕಡೆಗೆ ಅವನು ಸುಳಿಯುವುದನ್ನೇ ಬಿಟ್ಟಿದ್ದ. ಆ ರಾತ್ರಿ ಬರೀ ಗಂಜಿಯ ಮುಂದೆ ಕುಳಿತು ಚಮಚೆ ಆಡಿಸುತ್ತಿದ್ದವನನ್ನು ನೋಡಿ ನನಗೆ ಮೊದಲ ಬಾರಿಗೆ ನನ್ನ ಪಟ್ಟಿಯ ಬಗ್ಗೆ ಹೇಸಿಗೆಯಾಯಿತು.

ಬಾರ್ಬುಗಳನ್ನು ತೆಗೆದುಬಿಡೋಣ ಎಂದೆ. ಅಪ್ಪ ಒಪ್ಪಲಿಲ್ಲ. "ಹತ್ತಿಸ್ಕೊಂಡವ್ರನ್ನ ನಡುದಾರೀಲಿ ಇಳ್ಸೂದು ನನ್ನ ಕೆಲ್ಸ ಅಲ್ಲ." ಸರಿ, ಏಂಜೆಲ್‌ಗಳನ್ನು ತೆಗೆಯೋಣ ಎಂದೆ. "ತಪ್ಪು ಮಾಡ್ದವ್ರನ್ನ ಕೂರ್ಸ್ಕೊಂಡು, ಮಾಡದವ್ರನ್ನ ಇಳ್ಸೂದಾ? ಎಂತಾ ನ್ಯಾಯವಾ ಇದು?" ಅಂಗಡಿಯವನಿಗೆ ಫೋನ್ ಮಾಡಿದರೆ, "ಸ್ವಲ್ಪ ಟೈಮ್ ಕೊಡಿ, ಹೊಂದ್ಕೊಂಡ್ ಹೋಗ್ತವೆ" ಎಂದ. ಹೊಸ ಗುಂಪೊಂದರಲ್ಲಿ ಕೇಳಿದರೆ, ಬಾರ್ಬುಗಳನ್ನು ಹತ್ತಕ್ಕೆ ಏರಿಸಿ, ತಮ್ಮ ತಮ್ಮಲ್ಲೇ ಕಚ್ಚಾಡಿಕೊಂಡು ಏಂಜೆಲ್‌ಗಳನ್ನು ಬಿಡುತ್ತವೆ ಎಂದು ಒಬ್ಬ, ಹಾಗೆ ಮಾಡಿದರೆ ಹತ್ತೂ ಸೇರಿ ಕಚ್ಚುತ್ತವೆ ಎಂದು ಇನ್ನೊಬ್ಬ. ಸಂಜೆಯೊಳಗೆ ಆ ಇಬ್ಬರೇ ಕಚ್ಚಾಡಿಕೊಂಡು ನನ್ನನ್ನು ಬಿಟ್ಟರು.

ಇಷ್ಟರಲ್ಲಿ ಶ್ರಾವಣ ಬಂತು, ಅಮಾವಾಸ್ಯೆಯ ತನಕ ನಮ್ಮ ಮನೆಯಲ್ಲಿ ಮೀನಿಲ್ಲದ ತಿಂಗಳು. ಬೆಳಿಗ್ಗೆ ಅಜ್ಜಿ ಅದೇ ಹಳೇ ಸೀರೆ ತಂದು ತೊಟ್ಟಿಗೆ ನಾಲ್ಕೂ ಕಡೆ ಹೊದೆಸಿ, ಮೂಲೆಗಳಿಗೆ ಗಂಟು ಹಾಕಿದಳು.

"ಅಜ್ಜೀ, ಅದು ತಿನ್ನೂ ಮೀನಲ್ಲ."

"ಮೀನು ಹೌದೋ ಅಲ್ದೋ?"

"ಹೌದು."

"ಹಂಗಾದ್ರೆ ಅಮಾಸೆ ತನಕ ಅದು ಕಾಣೂಕಾಗ. ಹೊರಗೆ ಹಾಕು ಅಂದ್ನಾ ನಾನು? ಅವಕ್ಕೆ ಹೊಟ್ಟೆಗೆ ಹಾಕು, ನಮ್ಮ ಕಣ್ಣಿಗೆ ಕಾಣ್ಸ್ಬೇಡ."

ಅಪ್ಪ ಒಂದು ದಿನ ಅಜ್ಜಿಯ ಮೇಲೆ ಮುನಿಸಿಕೊಂಡ. ಎರಡನೆಯ ದಿನ ಕುರ್ಚಿಯನ್ನು ಜಗಲಿಗೆ ಒಯ್ದ. ದಾರಿಯಲ್ಲಿ ಹೋಗುವವರನ್ನು ಕರೆದು ಮಾತಾಡಿಸಿದ. ಮಧ್ಯಾಹ್ನ ಉಂಡು ಮಲಗಿದ. ಒಂದು ಭಾನುವಾರ ಮಂಜಗುಣಿಗೆ ಹೋಗಿ ದೇವರಿಗೆ ಕೈಮುಗಿದೂ ಬಂದ. ಸೀಟಿ ಪೆಟ್ಟಿಗೆಯ ತಳ ಸೇರಿತು.

ಮೊನ್ನೆ ಗುರುವಾರ ಮತ್ತೆ ತಪಾಸಣೆ. ಬಿಪಿ ಚೆನ್ನಾಗಿ ಇಳಿದಿತ್ತು. ಡಾಕ್ಟರು ಕುರ್ಚಿಯಿಂದ ಎದ್ದೇಬಿಟ್ಟರು. ಹೊರಗೆ ಕಾಯುತ್ತಿದ್ದ ರೋಗಿಗಳಿಗೆ ಕೇಳುವಂತೆ, "ನೋಡಿ, ಇವರ ಹಾಗೆ ಶ್ರದ್ಧೆಯಿಂದ ಮೀನು ನೋಡಬೇಕು! ಗುಳಿಗೆಗಿಂತ ದೊಡ್ಡದು ಅದು!" ಎಂದರು. ಅಪ್ಪ ನನ್ನ ಮುಖ ನೋಡಿದ. ನಾನು ಗೋಡೆಯ ಮೇಲಿದ್ದ ಮೂತ್ರಪಿಂಡದ ಚಿತ್ರ ನೋಡಿದೆ. ನಾವು ಹೊರಬರುವಾಗ ಇಬ್ಬರು ಅಲ್ಲೇ ಮೀನಂಗಡಿಯ ವಿಳಾಸ ಕೇಳುತ್ತಿದ್ದರು. ಆ ಮಾಲಕನಿಗೆ ಇನ್ನು ಒಳ್ಳೆಯ ಕಾಲ. ಊರೇ ಹೊಂದಿಕೊಂಡು ಹೋಗಲಿದೆ.

ವಾರಕ್ಕೊಂದು ಬಂಗಡೆಗೆ ಪರವಾನಗಿ ಸಿಕ್ಕಿತ್ತು. ಅಪ್ಪ ಮನೆಗೆ ಬಂದವನೇ ಅಂಗಳದಿಂದಲೇ, "ಕೆಂಡ ಅದ್ಯನೇ?" ಎಂದು ಆಯಿಯನ್ನು ಕೇಳಿದ. ಅಜ್ಜಿ ಬಾಗಿಲಿಗೆ ಬಂದು ಒಂದೇ ಮಾತು ಹೇಳಿದಳು: "ಶ್ರಾವಣ."

ಆ ಮಾತಿನ ಪೂರ್ತಿ ಅರ್ಥ ನನಗೆ ಹೊಳೆದದ್ದು ನಿನ್ನೆ. ಸೀರೆ ಹೊದೆಸಿದ್ದರೆ ಬಿಪಿ ಇಳಿಯುತ್ತದೆ, ಆದರೆ ಸೀರೆ ಇರುವ ತನಕ ಮನೆಯಲ್ಲಿ ಬಂಗಡೆ ಬೇಯುವಂತಿಲ್ಲ. ಅಮಾವಾಸ್ಯೆ ಕಳೆದು ಸೀರೆ ತೆಗೆದರೆ ಬಂಗಡೆ ಬೇಯಬಹುದು, ಆದರೆ ಅಪ್ಪ ಕುರ್ಚಿ ಒಳಗೆ ತಂದು ಸೀಟಿ ಹುಡುಕುತ್ತಾನೆ, ಬಿಪಿ ಏರುತ್ತದೆ, ಪರವಾನಗಿ ರದ್ದಾಗುತ್ತದೆ. ಅಮಾವಾಸ್ಯೆ ಕಳೆದ ಮೇಲೂ ಸೀರೆ ಇರಲಿ ಎಂದು ಅಜ್ಜಿಯನ್ನು ಬೇಡಿಕೊಂಡೆ. "ವ್ರತ ಇಲ್ದೆ ಮುಚ್ಚಿಟ್ರೆ ಆ ಬಾಯಿಲ್ಲದ ಜೀವಗಳ ಪಾಪ ಯಾರಿಗಾ?" ಎಂದಳು. ಅಪ್ಪನೂ ಅವಳ ಪಕ್ಷ. ಅಂದರೆ ಅಮಾವಾಸ್ಯೆಯೊಳಗೆ ಆ ತೊಟ್ಟಿಯಲ್ಲಿ ಶಾಂತಿ ನೆಲೆಸಬೇಕು. ಇನ್ನು ಉಳಿದದ್ದು ಹದಿಮೂರು ದಿನ.

ಹೀಗಾಗಿ ದಿನಕ್ಕೆ ಎರಡು ಬಾರಿ ನಾನು ಅಜ್ಜಿಯ ಸೀರೆಯೊಳಗೆ ತಲೆ ತೂರಿಸಿ, ಬ್ಯಾಟರಿ ಬಿಟ್ಟು, ಯಾರು ಯಾರನ್ನು ಕಚ್ಚಿದರೆಂದು ಬರೆದುಕೊಳ್ಳುತ್ತೇನೆ. ಕತ್ತಲಲ್ಲಿ ಕಚ್ಚಾಟ ಕಡಿಮೆಯಾಗಿದೆ. ಏಂಜೆಲ್‌ನ ರೆಕ್ಕೆ ಚಿಗುರುತ್ತಿದೆ. ಬೆಳಕು ಬಂದ ಮೇಲೆ ಏನೆಂದು ದೇವರೇ ಬಲ್ಲ. ನಿನ್ನೆ ಸಂಜೆ ಅಪ್ಪ ಜಗಲಿಯಿಂದ ಇಣುಕಿ, "ಶೀತ ಆಗದ್ಯಾ ತಮಾ? ಆವಿ ತಕೊಳ್ತ್ಯಾ?" ಎಂದು ಕೇಳಿದ. ಗುರುವಾರ ಡಾಕ್ಟರು ಉತ್ಸಾಹದ ಭರದಲ್ಲಿ ನನ್ನ ತೋಳಿಗೂ ಪಟ್ಟಿ ಸುತ್ತಿದ್ದರೆಂಬುದನ್ನು ಮೇಲೆ ಬರೆಯಲು ಮನಸ್ಸಾಗಲಿಲ್ಲ. ಈ ವಯಸ್ಸಿಗೆ ಇಷ್ಟು ಇರಬಾರದು ಎಂದರು. ನನಗೂ ಉಪ್ಪು ಮೀನು ಬಂದ್. "ಮನೇಲೇ ಅಕ್ವೇರಿಯಂ ಇದೆಯಲ್ಲ, ತಂದೆಯವರ ಪಕ್ಕ ನೀವೂ ಕೂತ್ಕೊಳ್ಳಿ" ಎಂದು ಸಲಹೆಯನ್ನೂ ಕೊಟ್ಟರು.

ಆದ್ದರಿಂದ ಓದುಗರೇ, ನಿಮ್ಮಲ್ಲಿ ಯಾರಿಗಾದರೂ ಐದು ಬಾರ್ಬುಗಳನ್ನೂ ಎರಡು ಏಂಜೆಲ್‌ಗಳನ್ನೂ ಯಾರನ್ನೂ ಇಳಿಸದೆ ಒಂದೇ ತೊಟ್ಟಿಯಲ್ಲಿ ಒಯ್ಯುವ ದಾರಿ ಗೊತ್ತಿದ್ದರೆ, ಅಥವಾ ನಡುವೆ ಕೂರಿಸಬಹುದಾದ ಮರ್ಯಾದಸ್ಥ ಮೀನೊಂದು ತಿಳಿದಿದ್ದರೆ, ದಯವಿಟ್ಟು ಅಮಾವಾಸ್ಯೆಯೊಳಗೆ ಬರೆಯಿರಿ. ಸಲಹೆಯ ಬಗ್ಗೆ ಮೊದಲ ಪ್ಯಾರಾದಲ್ಲಿ ಹೇಳಿದ್ದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಅದನ್ನು ಬರೆಯುವಾಗ ನಾನು ಇನ್ನೂ ಬೆಳಗಿನ ಗಂಜಿ ಉಂಡಿರಲಿಲ್ಲ. ಈಗ ಉಂಡು ಬಂದೆ. ಬರೀ ಗಂಜಿ.