ವೈ ಹಾಕಿದ ಟೇಲರ್

ನಾವುಂದದ ಪೇಟೆಯಲ್ಲಿ ಬಟ್ಟೆ ಹೊಲಿಯುವ ಸೂರನ ಅಂಗಡಿಗೆ ಹೊಸ ಬೋರ್ಡು ಬರೆದವನು, ಇಂಗ್ಲಿಷಿನ 'ಟೇಲರ್' ಪದದಲ್ಲಿ ಐ ಹಾಕುವ ಜಾಗಕ್ಕೆ ವೈ ಹಾಕಿಬಿಟ್ಟ. ಸೂರ ಅದನ್ನು ಗಮನಿಸಲೇ ಇಲ್ಲ. ರೆಡಿಮೇಡ್ ಬಂದ ಮೇಲೆ ಅವನ ಬೋರ್ಡು ಓದುವವರಾದರೂ ಯಾರು?

ಓದಿದವನು ಪಕ್ಕದ ಮೊಬೈಲ್ ಅಂಗಡಿಯ ನಿತೇಶ. ಆ ಭಾನುವಾರ ಅವನ ತಲೆ ಕೆಟ್ಟುಹೋಗಿತ್ತು. ಅವನು ಕಾರ್ಯದರ್ಶಿಯಾಗಿದ್ದ ಕ್ರಿಕೆಟ್ ಪಂದ್ಯಾಟ ಉದ್ಘಾಟಿಸಬೇಕಿದ್ದ ಟೇಲರ್ ಎಂಬ ವಿದೇಶಿ ಕೋಚ್ ಜ್ವರ ಬಂದು ಗೋವಾದಲ್ಲೇ ಮಲಗಿದ್ದ. 'ಮುಖ್ಯ ಅತಿಥಿ: ಶ್ರೀ ಟೇಲರ್' ಎಂಬ ಫ್ಲೆಕ್ಸುಗಳು ಮಾತ್ರ ಬೈಂದೂರಿನಿಂದ ಬ್ರಹ್ಮಾವರದವರೆಗೂ ಎದ್ದು ನಿಂತಿದ್ದವು.

ನಿತೇಶ ಮೊಬೈಲ್ ಹಿಡಿದು ಬಂದು, ವೈ ಹಾಕುವ ಟೇಲರುಗಳಲ್ಲಿ ಅಮೆರಿಕದ ಅಧ್ಯಕ್ಷ, ಸಿನಿಮಾ ನಟಿ, ಕ್ರಿಕೆಟ್ ನಾಯಕ ಎಲ್ಲರೂ ಇದ್ದಾರೆಂದೂ, ಆ ಹೆಸರು ಹುಟ್ಟಿದ್ದೇ ಸೂಜಿ ಹಿಡಿದವರಿಂದ ಎಂದೂ ಓದಿ ಹೇಳಿದ.

"ಸೂರಣ್ಣ, ಉದ್ಘಾಟನೆಗೆ ನೀವೇ ಬನ್ನಿ. ಫ್ಲೆಕ್ಸಲ್ ಇಪ್ಪುದ್ ನಿಮ್ ಹೆಸ್ರೇ. ಇದ್ರಗೆ ಸುಳ್ಳ್ ಎಂತ ಇತ್ತ್?"

ಸೂರನ ಹೆಂಡತಿ ಸುಂದರಿ ಬೇಡವೆಂದಳು, ಬೈದಳು, ಕೊನೆಗೆ ತಾನೇ ಅಂಗಿಗೆ ಇಸ್ತ್ರಿ ಹಾಕಿಕೊಟ್ಟಳು.

ಬಿಳಿಯನಿಗಾಗಿ ಕಾದಿದ್ದ ಜನ, ತೆರೆದ ಜೀಪಿನಿಂದ ಸೂರ ಇಳಿದದ್ದು ಕಂಡು ಬಂಗುಡೆ ಮೀನು ಕೇಳಿದವರಿಗೆ ತೊಂಡೆಕಾಯಿ ಬಡಿಸಿದ ಹಾಗೆ ಮುಖ ಮಾಡಿದರು. ಗಲಾಟೆ ಎದ್ದಿತು. ನಿತೇಶ ಮೈಕನ್ನು ಸೂರನ ಕೈಗೆ ತುರುಕಿ ಪೆಂಡಾಲಿನ ಹಿಂದೆ ಮಾಯವಾದ.

ಸೂರ ಮೈಕನ್ನು ಬಾಯಿಯ ಹತ್ತಿರ ಹಿಡಿದ. ಹೇಳಿದ: "ನಾನ್ ಬಟ್ಟಿ ಹೊಲಿವ ಟೇಲರ್. ನಿಮ್ಮಲ್ ಸುಮಾರ್ ಜನ್ರ ಮದಿ ದಿಬ್ಬಣದ್ ಪ್ಯಾಂಟ್ ಹೊಲ್ದದ್ ನಾನೇ. ಒಂದ್ ಬಾಲ್ ಹಾಕಿ. ಹೊಡುಕ್ ಆಗ್ದಿರೆ ಮನಿಗ್ ಹೋತೆ."

ಕುಂದಾಪುರದ ವೇಗಿಯೊಬ್ಬ ಹಲ್ಲು ಕಚ್ಚಿ ಓಡಿಬಂದು ಚೆಂಡೆಸೆದ. ಸೂರ ಕಣ್ಣು ಮುಚ್ಚಿ ಬ್ಯಾಟು ಬೀಸಿದ. ಚೆಂಡು ತೆಂಗಿನ ಮರಗಳನ್ನು ದಾಟಿ ಹೆದ್ದಾರಿಗೆ ಬಿತ್ತು. ಆಮೇಲೆ ಬೈಯುತ್ತಿದ್ದವರೇ ಅವನನ್ನು ಹೆಗಲ ಮೇಲೆ ಹೊತ್ತು ಕುಣಿದರು. ಅಷ್ಟೆತ್ತರದಿಂದ ಸೂರ ತನ್ನೂರನ್ನು ಎಂದೂ ನೋಡಿರಲಿಲ್ಲ.

ಸಂಜೆ ಅಂಗಡಿಯ ಮುಂದೆ ಜನವೋ ಜನ. ಸೂರ ಹಿಗ್ಗಿ ಟೇಪು ಹೆಗಲಿಗೇರಿಸಿದ. ಬಂದವರೆಲ್ಲ ರೆಡಿಮೇಡ್ ಟೀಶರ್ಟಿನಲ್ಲಿ ಅವನ ಪಕ್ಕ ನಿಂತು ಸೆಲ್ಫಿ ತೆಗೆದುಕೊಂಡು ಹೋದರು. ಕೊನೆಗೆ ಗುಲ್ವಾಡಿಯ ಕೊರಗ ಎಂಬ ಹೆಸರಿನವನೊಬ್ಬ ಕಂಕುಳಲ್ಲಿ ಒಂದು ಪ್ಯಾಂಟು ಇಟ್ಟುಕೊಂಡು ಬಂದ. ಸೂರ ಆಸೆಯಿಂದ ಕೈ ಚಾಚಿದ.

ಕೊರಗ ಪ್ಯಾಂಟನ್ನು ಬೆನ್ನ ಹಿಂದೆ ಸರಿಸಿ, ನಾಚುತ್ತ ಕೇಳಿದ:

"ಜಿಪ್ಪ್ ಹಾಳಾಯ್ತ್. ನಿಮ್ಮಂತ ದೊಡ್ ಜನ್ರಿಗ್ ಇದನ್ನ್ ಕೊಡುಕ್ ಆತ್ತಾ? ಇಲ್ಲೇ ಹತ್ರ ಬೇರೆ ಟೇಲರ್ ಯಾರಾರೂ ಇದ್ರಾ, ಹೇಳಿ."