ಫೈಲಿನ ಬಾಲ ಕತ್ತರಿಸುವ ಕಾಕಾ

ನಮ್ಮ ಕಾಕಾನಿಗೆ ಬಾಲ ಕಂಡರೆ ಆಗುವುದಿಲ್ಲ. ಎಮ್ಮೆಯ ಬಾಲವಲ್ಲ, ಮಂಗನದೂ ಅಲ್ಲ. ಕಂಪ್ಯೂಟರಿನ ಫೈಲುಗಳ ಹೆಸರಿಗೆ ಒಂದು ಚುಕ್ಕಿ ಹಿಡಿದು ಜೋತುಬಿದ್ದಿರುತ್ತದಲ್ಲ, ಡಾಕ್, ಜೆಪಿಜಿ, ಎಂಪಿತ್ರೀ ಎಂದು, ಆ ಬಾಲ! ಕಂಡಲ್ಲಿ ಕತ್ತರಿಸುತ್ತಾರೆ.

ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ಔರಾದದಲ್ಲಿ ವರ್ಷಾನುಗಟ್ಟಲೆ ಕಂಪ್ಯೂಟರ್ ಕಲಿಸಿ, ಈಗ ಬೀದರಿನಲ್ಲಿ ನಮ್ಮ ಪಕ್ಕದ ಮನೆಯಲ್ಲೇ ಇದ್ದಾರೆ. ಹೀಗಾಗಿ ಅವರ ಕತ್ತರಿಗೆ ಮೊದಲು ಸಿಗುವವರು ನಾವೇ.

ಮಗಳ ತೊಟ್ಟಿಲ ಕಾರ್ಯದ ಫೋಟೋಗಳನ್ನು ಜೋಡಿಸಿಡಲು ಕೊಟ್ಟೆವು. ಮರುದಿನ ಯಾವ ಫೋಟೋ ಒತ್ತಿದರೂ ನನ್ನ ಕಂಪ್ಯೂಟರು ಬೆಪ್ಪಾಗಿ, ಇದನ್ನು ಯಾವುದರಿಂದ ತೆರೆಯಲಿ ಎಂದು ನನ್ನನ್ನೇ ಕೇಳತೊಡಗಿತು. ಹೆಂಡತಿ ಹೌಹಾರಿದಳು: "ಕಾಕಾ, ಫೋಟೋ ಎಲ್ಲಾ ಸತ್ತಾವರಿ!"

"ಎಲ್ಲಿ ಸತ್ತಾವ? ಒಳಗ ಕೂಸು ಆರಾಮ ಮಲಗ್ಯಾದ. ನಿಮ್ಮ ಕಂಪ್ಯೂಟರಿಗಿ ಕಿವಿ ಅಷ್ಟೇ ಅದಾವ, ಕಣ್ಣಿಲ್ಲ. ಹೆಸರು ಕೇಳ್ತದ, ಮಾರಿ ನೋಡಲ್ಲ!"

ಅವರ ಹಳೆಯ ಕಂಪ್ಯೂಟರಿನ ಏರ್ಪಾಡೇ ಬೇರೆ. ಬಹುತೇಕ ಫೈಲುಗಳು ತಮ್ಮ ಗುರುತನ್ನು ಆರಂಭದಲ್ಲೇ ಹೊತ್ತಿರುತ್ತವಂತೆ. ಅದು ಒಳಗೆ ಇಣುಕಿ, ಮೊದಲ ನಾಲ್ಕಾರು ಅಕ್ಷರ ಓದಿ, ಇದು ಫೋಟೋ, ಇದು ಹಾಡು ಎಂದು ಹೇಳಿಬಿಡುತ್ತದೆ. ನಮ್ಮದೊಂದು ಫೋಟೋವನ್ನು ಅದರಲ್ಲಿ ಒತ್ತಿದ್ದೇ ತಡ, ಮಗಳು ಪರದೆಯ ಮೇಲೆ ಬೊಚ್ಚುಬಾಯಿ ತೆರೆದಳು. ಕಾಕಾ ಮೀಸೆ ತಿರುವಿದರು. ಇಂಥವರೊಡನೆ ಜಗಳವಾಡುವುದಾದರೂ ಹೇಗೆ?

ಆದರೆ ಇಣುಕುವವರಿಗೂ ಎಡವಟ್ಟಾಗುತ್ತದೆ! ಭಾಲ್ಕಿಯ ಬೀಗರ ಮನೆಯ ಮದುವೆ ಪತ್ರಿಕೆಯನ್ನು ಕಾಕಾನೇ ಟೈಪು ಮಾಡಿದರು, ಬಾಲ ಕತ್ತರಿಸಿದರು. ಆ ಬಗೆಯ ಫೈಲು ಒಳಗಿನಿಂದ ಸಣ್ಣ ಸಣ್ಣ ಫೈಲುಗಳ ಗಂಟು. ಅವರ ಯಂತ್ರ ಇಣುಕಿ ನೋಡಿ 'ಗಂಟು' ಎಂದೇ ಹೇಳಿತು. ಯಂತ್ರದ ಮಾತು ಮೀರುವುದುಂಟೆ? ಟೈಪು ಮಾಡಿದ್ದು ತಾವೇ ಎಂಬುದನ್ನೂ ಮರೆತು ಗಂಟು ಬಿಚ್ಚಿ, ಉದುರಿದ ಚೂರುಗಳನ್ನೆಲ್ಲ ಪೆನ್‌ಡ್ರೈವಿಗೆ ತುಂಬಿ ಭಾಲ್ಕಿಯ ಪ್ರೆಸ್ಸಿಗೆ ಒಯ್ದರು. ಪ್ರೆಸ್ಸಿನವ ಒಂದೊಂದನ್ನೇ ತೆರೆದು ನೋಡಿ ಕೇಳಿದ: "ಸಾಬ್, ಇದರಾಗ ಮದಿಮಗ ಎಲ್ಲಿದಾನರಿ?"

"ಎಲ್ಲೋ ಅದಾನ, ಹುಡುಕು!"

ಆ ವಾರವೆಲ್ಲ ಕಾಕಿ ಊಟಕ್ಕೆ ಕರೆಯುವಾಗ, "ರೊಟ್ಟಿ ಗಂಟು ಬಿಚ್ಚಲೇನ್ರಿ?" ಎಂದು ಬಿದ್ದು ಬಿದ್ದು ನಗುತ್ತಿದ್ದರು.

ಅದೇ ಬೇಸಿಗೆಯಲ್ಲಿ ನಮ್ಮ ಓಣಿ ನೀರಿನ ಟ್ಯಾಂಕರಿನ ದಾರಿ ಕಾಯುತ್ತಿತ್ತು. ಮಳೆ ಮತ್ತೆ ಕೈಕೊಟ್ಟಿದ್ದರಿಂದ ಔರಾದ ಕಡೆಯ ಬಸ್ಸುಗಳು ಹಾಸಿಗೆ, ಪಾತ್ರೆ ಹೊತ್ತವರಿಂದ ತುಂಬಿ ಬರುತ್ತಿದ್ದವು. ಸಂತಪುರದಿಂದ ಒಬ್ಬ ಯುವಕ ಹೆಂಡತಿಯೊಂದಿಗೆ ಟ್ರಂಕು ಹೊತ್ತು ಬಂದ. ಇಲ್ಲೇ ಬೀದರಿನ ಪಕ್ಕದ ಕೊಳಾರದ ಗೋದಾಮಿನಲ್ಲಿ ಅವನಿಗೆ ಕೆಲಸ ಸಿಕ್ಕಿತ್ತು. ಎದುರುಮನೆಯ ಬಾಡಿಗೆ ಕೋಣೆ ಇಬ್ಬರಿಗೂ ಒಪ್ಪಿಗೆಯಾಯಿತು. ಮಾಲಕ ಚಾವಿ ಚಾಚುತ್ತ ಕೇಳಿದ: "ಅಡ್ಡಹೆಸರು ಏನಂದ್ರಿ?"

ಯುವಕ ಹೇಳಿದ. ಚಾವಿಯ ಕೈ ಹಿಂದೆ ಸರಿಯಿತು.

"ಅರೆ, ಮರ್ತೇ ಬಿಟ್ಟಿದ್ದೆ ನೋಡ್ರಿ. ನಮ್ಮ ಮಾವನ ಕಡಿ ಮಂದಿ ಬರೋರದಾರ."

ಅಡ್ಡಹೆಸರು ಕೇಳಿ ಜನ ನಮ್ಮ ಜಾತಿ ಅಳೆಯುವುದು ನಮ್ಮ ಮನೆತನಕ್ಕೂ ಹೊಸದೇನಲ್ಲ. ಆದರೂ ಅಂಗಳದಲ್ಲಿ ಕೂತಿದ್ದ ಕಾಕಾ ಅಷ್ಟು ಬೇಗ ಎದ್ದದ್ದನ್ನು ನಾನು ನೋಡಿರಲಿಲ್ಲ. ರಸ್ತೆ ದಾಟಿ ಟ್ರಂಕಿನ ಒಂದು ಹಿಡಿಕೆ ಹಿಡಿದರು. "ಆ ಕಡಿ ನೀ ಹಿಡಿಯಪ್ಪಾ. ನಮ್ಮ ಮ್ಯಾಲಿನ ಕೋಣಿ ಖಾಲಿ ಅದ."

ಖಾಲಿಯೇನಲ್ಲ! ಅಲ್ಲಿ ಅವರ ಹಳೆಯ ಕಂಪ್ಯೂಟರು ರಾಜನಂತೆ ಕೂತಿತ್ತು. ಅದನ್ನು ಇಳಿಸಿ ಅಡುಗೆಮನೆಯ ಮೂಲೆಗಿಟ್ಟರು.

ನಾನು ಕಾಕಿಯತ್ತ ನೋಡಿದೆ. ಅವರು ನಗುತ್ತಿರಲಿಲ್ಲ.

"ಹಿಂದೊಂದು ಬರದಾಗ ನಾವೂ ಪುಣೆಗಿ ಹೋಗಿದ್ದೆವಪ್ಪಾ. ಚಾವಿ ಕೈಯಾಗ ಕೊಟ್ಟು, ಅಡ್ಡಹೆಸರು ಕೇಳಿ, ತಿರುಗಿ ಇಸ್ಕೊಂಡ್ರು. ನಾ ಬಸುರಿ. ಬಸ್ ಸ್ಟ್ಯಾಂಡಿನಾಗ ಇವರು ನನ್ನ ಮಾರಿ ನೋಡಲಾರದ ಕುಂತಿದ್ರು."

ಇಷ್ಟು ವರ್ಷದಲ್ಲಿ ಈ ಮಾತು ನಮ್ಮ ಮನೆಯಲ್ಲಿ ಯಾರ ಬಾಯಿಂದಲೂ ಬಂದಿರಲಿಲ್ಲ.

ಮೇಲಿನ ಕೋಣೆಯಲ್ಲಿ ಆ ಹುಡುಗಿ ಹಾಸಿಗೆ ಬಿಚ್ಚುತ್ತ ಅಳುಕಿನಿಂದ ಕೇಳಿದಳು: "ಕಾಕಾ, ನೀವು ನಮ್ಮ ಹೆಸರೇ ಕೇಳಲಿಲ್ಲಲ್ರಿ?"

"ಮೊದಲ ಉಣ್ಣವ್ವಾ," ಎಂದರು ಕಾಕಾ. "ಆಮ್ಯಾಲ ಹೇಳು, ನಿಮ್ಮವ್ವ ನಿನಗ ಏನಂತ ಕರೀತಾಳ. ನಾಳಿ ಮುಂಜಾನಿ ಚಹಾಕ್ಕ ಕೂಗಬೇಕಲ್ಲ."